ಒಂದೂವರೆ ಬೆರಳಿನ ಬಾಯಿ

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ಮಾತು ತಿಳಿಯಲು ಕಿವಿ ಬೇಕಾಗಿಲ್ಲ, ಕಣ್ಣಿದ್ದರೆ ಸಾಕು. ಬೆಳಗ್ಗೆ ಕರೆಂಟು ಬರುತ್ತಿದ್ದಂತೆ ಒಂದೊಂದು ಮನೆಯ ಹಿಂಭಾಗದಲ್ಲೂ ನಾಲ್ಕೋ ಆರೋ ಪವರ್‌ಲೂಮು ಒಟ್ಟಿಗೆ ಬಡಿದುಕೊಳ್ಳಲು ಶುರುವಿಟ್ಟರೆ, ಆ ಸದ್ದಿನಲ್ಲಿ ಕೂಗಿದವನೂ ಸುಮ್ಮನಿದ್ದವನೂ ಒಂದೇ. ಅದಕ್ಕೇ ಅಲ್ಲಿಯವರು ಕೂಗುವುದಿಲ್ಲ. ದನಿಯನ್ನೇ ತೆಗೆಯದೆ, ಬಾಯಿ ಅಗಲವಾಗಿ ತೆರೆದು, ದವಡೆಯನ್ನು ಮೇಲೆ ಕೆಳಗೆ ಆಡಿಸಿ, ಒಂದೊಂದು ಅಕ್ಷರವನ್ನೂ ತುಟಿಯ ಮೇಲೆ ಬಿಡಿಸಿ ತೋರಿಸುತ್ತಾರೆ. ಎದುರಿಗಿರುವವರು ನೋಡಿ ಓದಿಕೊಳ್ಳುತ್ತಾರೆ. ಗಂಡ ಹೆಂಡತಿ ಜಗಳವನ್ನೂ ಹೀಗೇ ಆಡಿ ಮುಗಿಸಬಹುದು, ಪಕ್ಕದಲ್ಲಿ ನಿಂತವನಿಗೆ ಸುಳಿವೂ ಸಿಗುವುದಿಲ್ಲ. ಹೊಸಬರು ಬಂದು ನೋಡಿದರೆ ಇಡೀ ಮನೆಗೆ ಒಟ್ಟಿಗೇ ಆಕಳಿಕೆ ಬಂದಿದೆ ಅಂದುಕೊಳ್ಳುತ್ತಾರೆ.

ಈ ವಿದ್ಯೆಯಲ್ಲಿ ಕೋದಂಡರಾಮಯ್ಯನವರನ್ನು ಮೀರಿಸಿದವರು ಊರಲ್ಲೇ ಇಲ್ಲ. ಹಾಗೆಂದು ಹೇಳುತ್ತಿದ್ದವರು ಕೋದಂಡರಾಮಯ್ಯನವರೇ. ವಯಸ್ಸು ಐವತ್ತೆಂಟು, ಮಗ್ಗ ನಾಲ್ಕು, ಮೀಸೆ ಒಂದು. ಮಗ್ಗ ನಿಂತಿರುವ ಹೊತ್ತಿನಲ್ಲಿ ಅವರಿಗೆ ಇನ್ನೊಂದು ಉದ್ಯೋಗವಿತ್ತು, ಅದು ಮೈಕು. ಬೀದಿಯಲ್ಲಿ ರಾಜ್ಯೋತ್ಸವವಾಗಲಿ, ಗೃಹಪ್ರವೇಶವಾಗಲಿ, ಯಾರದೋ ಮಗಳು ಪಿ.ಯು.ಸಿ.ಯಲ್ಲಿ ಪಾಸಾದದ್ದಕ್ಕೆ ಸನ್ಮಾನವಾಗಲಿ, ಸ್ವಾಗತ ಭಾಷಣ ಅವರದೇ. "ಎರಡೇ ಎರಡು ಮಾತು ಹೇಳಿ ಮುಗಿಸ್ತೀನಿ" ಎಂದು ಶುರು ಮಾಡಿದರೆ ಅಡಿಗೆಯವರು ಅನ್ನಕ್ಕೆ ಎಸರಿಡುವುದನ್ನು ಮುಂದಕ್ಕೆ ಹಾಕುತ್ತಿದ್ದರು. ಮಗ್ಗದ ಅಭ್ಯಾಸ ಮೈಕಿಗೂ ಬಂದು, ಅವರು ಬಾಯಿ ಬಿಡುವ ಅಗಲಕ್ಕೆ ಕೊನೆಯ ಸಾಲಿನವನಿಗೂ ಕಿರುನಾಲಗೆ ಕಾಣುತ್ತಿತ್ತು. ಒಮ್ಮೆ ಮೈಕು ಕೆಟ್ಟಿತು. ಸಭೆ ಚೂರೂ ಕದಲದೆ ಇಪ್ಪತ್ತು ನಿಮಿಷ ಅವರ ಬಾಯನ್ನೇ ನೋಡಿ ಭಾಷಣ ಓದಿಕೊಂಡಿತು. ಅದು ತಮ್ಮ ಜೀವಮಾನದ ಸಾಧನೆ ಎಂದು ಅವರು ನಂಬಿದ್ದರು. ಬಾಗಿಲ ಬಳಿ ಮೈಕಿನವನು ಅಡ್ಡ ನಿಂತಿದ್ದನೆಂಬುದು ಅವರಿಗೆ ಗೊತ್ತಿರಲಿಲ್ಲ.

ಇಷ್ಟೆಲ್ಲ ಇದ್ದರೂ ಅವರ ಬಾಯಿ ನಿಜವಾಗಿ ಬೇಕಾಗಿದ್ದದ್ದು ಒಬ್ಬರಿಗೇ. ಹೆಂಡತಿ ನಾಗಲಕ್ಷ್ಮಮ್ಮನವರಿಗೆ. ಮದುವೆಯಾಗಿ ಮೂವತ್ತೆರಡು ವರ್ಷ ಆಕೆ ಮಗ್ಗದ ಆ ಬದಿಗೆ, ಇವರು ಈ ಬದಿಗೆ. ಆಕೆ ಕಂಡಿಕೆಗೆ ನೂಲು ಸುತ್ತಬೇಕು, ಹರಿದ ಎಳೆ ಜೋಡಿಸಬೇಕು. ಆ ಸದ್ದು ಆಕೆಯ ಕಿವಿಯನ್ನು ಒಂದೇ ಸಲ ಕಿತ್ತುಕೊಳ್ಳಲಿಲ್ಲ, ವರ್ಷಕ್ಕಿಷ್ಟು ಎಂದು ಸವೆಸಿಕೊಂಡು ಹೋಯಿತು. ಈಗ ಹತ್ತು ವರ್ಷದಿಂದ ಕಿವಿಯ ಪಕ್ಕದಲ್ಲೇ ಕಿರುಚಿದರೆ ಏನೋ ಸದ್ದಾಯಿತೆಂದು ತಿರುಗುತ್ತಾರೆ, ಅಷ್ಟೆ. ಹೀಗಾಗಿ ಮಗ್ಗ ನಿಂತ ಮೇಲೂ ಇವರು ಆಕೆಯ ಜೊತೆ ಮಗ್ಗದ ಮಾತೇ ಆಡುತ್ತಿದ್ದರು. ಊಟಕ್ಕೆ ಕೂತಾಗಲೂ, ಬಸ್ಸಿನಲ್ಲೂ, ಮದುವೆಮನೆಯಲ್ಲೂ ದನಿಯಿಲ್ಲದೆ ಅಷ್ಟಗಲ ಬಾಯಿ ಬಿಡುವ ಈ ಮನುಷ್ಯನನ್ನು ನೋಡಿ ಪರ ಊರಿನವರು ನೀರು ತಂದುಕೊಟ್ಟದ್ದೂ ಉಂಟು.

ತೊಂದರೆ ಶುರುವಾದದ್ದು ಎಡಗಿವಿಯ ಮುಂದೆ. ಬಾಯಿ ತೆರೆದಾಗಲೆಲ್ಲ ಅಲ್ಲಿ 'ಕಟಕ್' ಎನ್ನುತ್ತಿತ್ತು. ಕೋದಂಡರಾಮಯ್ಯನವರು ಇದಕ್ಕೂ ಹೆಮ್ಮೆಪಟ್ಟರು. ಪಕ್ಕದ ಮನೆಯ ಪಿಳ್ಳಪ್ಪನನ್ನು ಕರೆದು, ಕೆನ್ನೆಗೆ ಅವನ ಕಿವಿ ಇಡಿಸಿ, "ಕೇಳ್ತಾ? ಲಾಳಿ ಹೊಡೆದಂಗಿಲ್ವಾ?" ಎಂದರು. ಪಿಳ್ಳಪ್ಪನೂ ನೇಯುವವನೇ, ಆದರೆ ಹೊಗಳುವವನಲ್ಲ. "ಎಣ್ಣೆ ಬಿಟ್ಕೊಳ್ಳಿ ಅಣ್ಣ" ಎಂದು ಹೋದ.

ಎಂಟು ತಿಂಗಳು ಕಟಕ್ ಎಂದಿತು. ಒಂದು ಸೋಮವಾರ ಬೆಳಗ್ಗೆ ಎದ್ದು ಮುಖ ತೊಳೆದರೆ ಸದ್ದಿಲ್ಲ. ಆಡಿಸಿ ನೋಡಿದರು. ಇಲ್ಲ. "ಹೋಯ್ತು! ತಾನಾಗೇ ಹೋಯ್ತು!" ಎಂದು ಮಗಳು ಸ್ನೇಹಳಿಗೆ ಸಾರಿದರು. ಆ ಸಂತೋಷ ಇಡ್ಲಿ ತಟ್ಟೆಗೆ ಬರುವವರೆಗೆ ಇತ್ತು. ಇಡ್ಲಿ ಬಾಯಿಯವರೆಗೆ ಬಂದು ಅಲ್ಲೇ ನಿಂತಿತು. ಬಾಯಿ ಒಂದೂವರೆ ಬೆರಳಿನಷ್ಟು ತೆರೆದು, ಅದರಾಚೆಗೆ ಒಳಗಿನಿಂದ ಯಾರೋ ಚಿಲಕ ಹಾಕಿದಂತೆ ಹಟ ಹಿಡಿಯಿತು. ಸದ್ದೂ ಹೋಗಿತ್ತು, ಜೊತೆಗೆ ಬಾಯಿಯೂ ಹೋಗಿತ್ತು. ಕಾಯಿಲೆ ಹೋದರೆ ಗುಣವಾಗಬೇಕಲ್ಲ, ಇದೇನು ಗುಣವಾದ ಮೇಲೆ ಕಾಯಿಲೆ? ಅವರಿಗೆ ತಲೆಬುಡ ಹತ್ತಲಿಲ್ಲ.

ಊಟದ ವಿಷಯ ಹೇಗೋ ನಡೆಯಿತು. ರಾಗಿಮುದ್ದೆ ಅಗಿಯುವ ಪದಾರ್ಥವಲ್ಲ, ಚಿಕ್ಕದಾಗಿ ಮುರಿದು ಸಾರಿನಲ್ಲಿ ಹೊರಳಿಸಿ ಜಾರಿಸಿಬಿಟ್ಟರೆ ಮುಗಿಯಿತು. ನಡೆಯದೇ ಹೋದದ್ದು ಮಾತು. ದನಿ ಸರಿಯಾಗೇ ಬರುತ್ತಿತ್ತು, ಸ್ನೇಹಳಿಗೆ ತಿಳಿಯುತ್ತಿತ್ತು. ಆದರೆ ನಾಗಲಕ್ಷ್ಮಮ್ಮನವರ ಕಣ್ಣಿಗೆ ಕಾಣುತ್ತಿದ್ದದ್ದು ಮೀಸೆಯ ಕೆಳಗೆ ಒಂದು ಗೆರೆ, ಅದು ಸ್ವಲ್ಪ ನಡುಗುತ್ತದೆ. ಆಕೆ ಹತ್ತಿರ ಬಂದರು, ದೂರ ಹೋದರು, ತಲೆ ಓರೆ ಮಾಡಿದರು.

"ಏನ್ರೀ ಅದು, ಗೊಣಗಾಡ್ತೀರಿ?"

"ಗೊಣಗ್ತಿಲ್ಲ ಕಣೇ, ಬಾಯಿ ತೆರೀತಿಲ್ಲ!"

"ಕೋಪ ಬಂದಿದ್ರೆ ಬಾಯಿ ಬಿಟ್ಟು ಹೇಳಿ."

ಅವರಿಂದ ಆಗದೇ ಇದ್ದದ್ದು ಅದೊಂದೇ. ಕೈಸನ್ನೆ ಮಾಡಿದರು. ನೀರು ಕೇಳಿದರೆ ಟವೆಲು ಬಂತು. ಮೂರನೇ ಮಗ್ಗ ನಿಲ್ಲಿಸು ಎಂದರೆ ಆಕೆ ಫ್ಯಾನು ನಿಲ್ಲಿಸಿದರು. ಹಲಗೆಯ ಮೇಲೆ ಬರೆದು ತೋರಿಸೋಣವೆಂದರೆ ನಾಗಲಕ್ಷ್ಮಮ್ಮ ಎರಡನೇ ಕ್ಲಾಸಿಗೇ ಕಂಡಿಕೆ ಹಿಡಿದವರು. ಮೂರು ದಿನಕ್ಕೆ ಆಕೆ ಏನು ಕಂಡರೂ "ಹೂಂ" ಎನ್ನಲು ಶುರು ಮಾಡಿ, ನಾಲ್ಕನೇ ದಿನಕ್ಕೆ ಮುಖ ನೋಡುವುದನ್ನೇ ಬಿಟ್ಟರು. ಆರಡಿ ದೂರದಲ್ಲಿ ಹೆಂಡತಿ ಎಳೆ ಜೋಡಿಸುತ್ತಾಳೆ, ತಾನು ಏನು ಹೇಳಿದರೂ ತಲುಪುವುದಿಲ್ಲ. ಕೋದಂಡರಾಮಯ್ಯನವರಿಗೆ ಆ ವಾರವೇ ಬಂದ ರಾಜ್ಯೋತ್ಸವದ ಭಾಷಣ ತಪ್ಪಿದ್ದು ಕೂಡ ಅಷ್ಟು ಚುಚ್ಚಲಿಲ್ಲ. ಸ್ವಲ್ಪ ಚುಚ್ಚಿತು, ಯಾಕೆಂದರೆ ಅಂದು ಕಾರ್ಯಕ್ರಮ ಹೊತ್ತಿಗೆ ಸರಿಯಾಗಿ ಮುಗಿಯಿತೆಂದು ಜನ ಕೊಂಡಾಡಿದ್ದರು.

ಸಮಾಧಾನ ಹೇಳಲು ಪಿಳ್ಳಪ್ಪ ಬಂದ.

"ನಮ್ಮ ಷಡ್ಡಕನಿಗೂ ಹಿಂಗೇ ಆಗಿತ್ತಣ್ಣ. ಕಿವಿ ಹತ್ರ ಕುಯ್ದು, ಎರಡು ತಿಂಗಳು ಬಾಯಿಗೆ ತಂತಿ ಹಾಕಿ ಕಟ್ಬಿಟ್ರು."

"ಎರಡು ತಿಂಗಳಾ?"

"ಇನ್ನೊಂದು ತಿಂಗಳು ಇರ್ಲಿ ಬಿಡಿ ಅಂತ ಅವನ ಹೆಂಡ್ತಿನೇ ಡಾಕ್ಟ್ರಿಗೆ ಹೇಳಿದ್ಲಂತೆ."

ಎರಡು ತಿಂಗಳು ತಂತಿ! ಒಂದೂವರೆ ಬೆರಳೂ ಹೋಯಿತೆಂದರೆ ನಾಗು ತನ್ನ ಮುಖವನ್ನು ಗೋಡೆಯ ಕ್ಯಾಲೆಂಡರಿನಂತೆ ದಾಟಿಕೊಂಡು ಓಡಾಡುತ್ತಾಳೆ. ಮಾರನೇ ಬೆಳಗ್ಗೆಯೇ ಅವರು ದಂತವೈದ್ಯೆ ಶಾಮಲಾ ಅವರ ಕ್ಲಿನಿಕ್ಕಿನಲ್ಲಿದ್ದರು.

ಶಾಮಲಾ ಡಾಕ್ಟರು ಮಾತು ಕಡಿಮೆ, ಬೆರಳು ಜಾಸ್ತಿ. ಕಿವಿಯ ಮುಂದೆ ಎರಡೂ ಕಡೆ ಬೆರಳಿಟ್ಟು ಬಾಯಿ ತೆಗೆಸಿದರು, ಮುಚ್ಚಿಸಿದರು. ಆಮೇಲೆ, "ನಿಮ್ಮ ಮೂರು ಬೆರಳು ಒಂದರ ಮೇಲೊಂದು ಜೋಡಿಸಿ, ಬಾಯೊಳಗೆ ಹಾಕಿ ನೋಡೋಣ" ಎಂದರು.

ಹಾಕಿದರು. ಒಂದು ಹೋಯಿತು, ಎರಡನೆಯದು ಅರ್ಧಕ್ಕೆ ನಿಂತಿತು.

"ಮೂರು ಹೋಗ್ಬೇಕಿತ್ತು."

"ನೇಯೋ ಕೈ ಮೇಡಂ, ಬೆರಳು ದಪ್ಪ. ಕಿರುಬೆರಳು ಹಾಕ್ಲಾ?"

"ಬೇಡ. ಎಕ್ಸ್-ರೇ ತೆಗೆಯೋಣ."

ಅದು ಮಲಗಿಸಿ ತೆಗೆಯುವ ಎಕ್ಸ್-ರೇ ಅಲ್ಲ. ನಿಲ್ಲಿಸಿ, ಎರಡು ಹಿಡಿ ಹಿಡಿಸಿ, ಮುಂಬಲ್ಲಿನಲ್ಲಿ ಒಂದು ಪ್ಲಾಸ್ಟಿಕ್ ಗೂಟ ಕಚ್ಚಿಸಿದರು. ಒಂದು ಯಂತ್ರ ಗುಯ್ಯೆಂದು ಅವರ ತಲೆಗೆ ನಿಧಾನವಾಗಿ ಪ್ರದಕ್ಷಿಣೆ ಬಂತು. ತಮಗೆ ಯಾರಾದರೂ ಪ್ರದಕ್ಷಿಣೆ ಬಂದದ್ದು ಅದೇ ಮೊದಲು, ಕೋದಂಡರಾಮಯ್ಯನವರು ಎದೆ ಉಬ್ಬಿಸಿಯೇ ನಿಂತಿದ್ದರು. ಐದು ನಿಮಿಷಕ್ಕೆ ಕಂಪ್ಯೂಟರಿನಲ್ಲಿ ಚಿತ್ರ ಬಂತು. ಈ ಕಿವಿಯಿಂದ ಆ ಕಿವಿಯವರೆಗೆ ದವಡೆ ಬಿಚ್ಚಿ ಹಾಸಿದಂತೆ, ಎಲ್ಲ ಹಲ್ಲೂ ಕಾಣುವಂತೆ, ಒಂದು ಭಾರಿ ನಗೆ.

"ಇದು ನಾನಾ?"

"ಹೌದು."

"ನಗ್ತಿದೀನಲ್ಲ ಮೇಡಂ? ಎರಡು ವಾರದಿಂದ ಬಾಯೇ ಬಿಟ್ಟಿಲ್ಲ ನಾನು."

"ಈ ಎಕ್ಸ್-ರೇನಲ್ಲಿ ಎಲ್ಲರೂ ಹಾಗೇ ಕಾಣ್ತಾರೆ. ನೋಡಿ, ಇದು ನಿಮ್ಮ ದವಡೆಯ ಕೀಲು. ಮೂಳೆ ಚೆನ್ನಾಗಿದೆ. ಸವೆದಿಲ್ಲ, ಮುರಿದಿಲ್ಲ."

"ಹಂಗಾದ್ರೆ ಏನೂ ಆಗಿಲ್ಲ."

"ಆಗಿದೆ. ಆದರೆ ಆಗಿರೋದು ಇದರಲ್ಲಿ ಕಾಣಲ್ಲ."

ಕೋದಂಡರಾಮಯ್ಯನವರು ಚಿತ್ರವನ್ನೂ ಡಾಕ್ಟರನ್ನೂ ಸರದಿಯ ಮೇಲೆ ನೋಡಿದರು. ಡಾಕ್ಟರು ತಮ್ಮ ಮುಷ್ಟಿಯನ್ನು ಇನ್ನೊಂದು ಅಂಗೈಯ ಗುಳಿಗೆ ಇಟ್ಟು ತೋರಿಸಿದರು. ಇದು ಕೆಳದವಡೆ, ಇದು ಮೇಲಿನ ಗುಳಿ. ನಡುವೆ ಒಂದು ಪುಟ್ಟ ಮೆತ್ತೆ ಇರುತ್ತೆ. ಬಾಯಿ ತೆರೆದಾಗ ಅದೂ ಜೊತೆಗೆ ಜಾರುತ್ತೆ. ನಿಮ್ಮ ಮೆತ್ತೆ ಜಾಗ ಬಿಟ್ಟು ಮುಂದಕ್ಕೆ ಹೋಗಿತ್ತು, ಬಾಯಿ ತೆರೆದಾಗ ಕಟಕ್ ಅಂತ ವಾಪಸ್ ಕೂರ್ತಿತ್ತು. ಈಗ ವಾಪಸ್ ಬರೋದನ್ನೇ ಬಿಟ್ಟಿದೆ ಅಂತ ಕಾಣುತ್ತೆ. ಅದಕ್ಕೇ ಸದ್ದೂ ಇಲ್ಲ, ಬಾಯೂ ತೆರೆಯಲ್ಲ.

"ಮೆತ್ತೆ ಎಕ್ಸ್-ರೇಗೆ ಬೀಳಲ್ಲ. ಎಂ.ಆರ್.ಐ. ಮಾಡಿಸಬೇಕು."

"ಆಪರೇಷನ್ನು? ತಂತಿ?"

"ತಂತಿ ವಿಷಯ ಯಾರು ಹೇಳಿದ್ರು? ಮೆತ್ತೆ ಎಲ್ಲಿದೆ, ಹೇಗಿದೆ ನೋಡದೆ ನಾನೇನೂ ಹೇಳಲ್ಲ. ಚಿತ್ರ ಸರಿಯಾಗಿ ಬರ್ಬೇಕು, ಅಷ್ಟೆ."

ಚಿತ್ರ ಸರಿಯಾಗಿ ಬರಬೇಕು. ಅವರು ಇದನ್ನು ಮನಸ್ಸಿನಲ್ಲಿ ಬರೆದುಕೊಂಡರು. ಎಕ್ಸ್-ರೇಯ ಪ್ರತಿಯನ್ನು ಮಡಿಸದೆ, ಅಂಚು ಹಿಡಿದು, ಹೊಸ ಸೀರೆ ಒಯ್ಯುವಂತೆ ಮನೆಗೆ ತಂದರು. ನಾಗಲಕ್ಷ್ಮಮ್ಮ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟು ದಿನದ ಮೇಲೆ ನಗು ಬಂತಾ?" ಎಂದು ವಾಪಸ್ ಕೊಟ್ಟರು.

ಸ್ಕ್ಯಾನ್ ಸೆಂಟರು ಯಲಹಂಕಕ್ಕೆ ಹೋಗುವ ದಾರಿಯಲ್ಲಿ. ಪ್ರೈಮರಿ ಶಾಲೆಯಲ್ಲಿ ಪಾಠ ಹೇಳುವ ಸ್ನೇಹ ಅರ್ಧ ದಿನ ರಜೆ ಹಾಕಿ ಜೊತೆಗೆ ಬಂದಳು. ಅಲ್ಲಿ ನರೇಶ್ ಎಂಬ ತಂತ್ರಜ್ಞ ಅವರ ಗಡಿಯಾರ, ಉಡಿದಾರ, ಜೇಬಿನ ಕತ್ತರಿ ಎಲ್ಲ ಬಿಚ್ಚಿಸಿದ. ತಲೆಗೆ ಪಂಜರದಂಥದ್ದೊಂದು ತೊಡಿಸಿ, ಕಿವಿಗೆ ಬಿರಡೆ ತುರುಕಿ, ತೊಂದರೆಯಾದರೆ ಒತ್ತಲು ಕೈಗೊಂದು ರಬ್ಬರಿನ ಬುರುಡೆ ಕೊಟ್ಟು ಹೇಳಿದ: "ಅಂಕಲ್, ಮೊದಲು ಬಾಯಿ ಮುಚ್ಚಿ, ಆಮೇಲೆ ತೆಗೆದು, ಎರಡು ಥರ ಚಿತ್ರ. ಒಳಗೆ ಸದ್ದಾಗುತ್ತೆ, ಹೆದರಬೇಡಿ. ಒಂದೇ ಮಾತು, ಅಲ್ಲಾಡಬಾರದು. ಮಾತು ಆಡ್ಲೇಬಾರದು."

"ನಲವತ್ತು ವರ್ಷ ಮಗ್ಗದ ಮುಂದೆ ನಿಂತೋನಪ್ಪ ನಾನು. ಸದ್ದಿಗೆ ಹೆದರ್ತೀನಾ?"

ಹಾಸಿಗೆ ಒಳಗೆ ಜಾರಿತು. ಸದ್ದು ಶುರುವಾಯಿತು. ಡಗ್ ಡಗ್ ಡಗ್ ಡಗ್. ಕೋದಂಡರಾಮಯ್ಯನವರಿಗೆ ತವರಿಗೆ ಬಂದಂತಾಯಿತು. ಕಣ್ಣು ಮುಚ್ಚಿದರು. ಒಳ್ಳೆ ಮಗ್ಗ, ಲಯ ತಪ್ಪದೆ ಓಡುತ್ತಿದೆ, ಯಾವ ಕಂಪನಿಯದೋ ಏನೋ. ಎರಡು ನಿಮಿಷಕ್ಕೆ ಸದ್ದು ಥಟ್ಟನೆ ಬದಲಾಗಿ ಟರ್ರ್ ಟರ್ರ್ ಎಂದಿತು. ಎಳೆ ಹರಿಯಿತೇನೋ ಎಂದು ಮನಸ್ಸು ಎಚ್ಚರಿಸಿತು. ಆಮೇಲೆ ಸರಿಹೋಯಿತು. ಅವರು ಮೈಯ ಒಂದು ಕೂದಲೂ ಅಲ್ಲಾಡಿಸಲಿಲ್ಲ. ಬೇಕಾದರೆ ಪ್ರಮಾಣ ಮಾಡಿ ಹೇಳುತ್ತಿದ್ದರು.

ಸದ್ದು ನಿಂತು ಸ್ಪೀಕರಿನಲ್ಲಿ ನರೇಶನ ದನಿ ಬಂತು. "ಅಂಕಲ್, ಮಾತಾಡಬೇಡಿ. ಚಿತ್ರ ಕಲಸಿ ಹೋಗ್ತಿದೆ."

"ನಾನೆಲ್ಲಿ ಮಾತಾಡ್ದೆ?"

"ದವಡೆ ಆಡ್ತಿದೆ ಅಂಕಲ್."

ಮತ್ತೆ ಶುರು. ಮತ್ತೆ ನಿಲುಗಡೆ. "ಅಂಕಲ್, ದಯವಿಟ್ಟು." ಮೂರನೇ ಸಲ. ಕೋದಂಡರಾಮಯ್ಯನವರು ನಿಜವಾಗಿ ಗಲಿಬಿಲಿಗೊಂಡರು. ಬಾಯಿ ತೆರೆಯುವುದಿಲ್ಲವೆಂದು ತಾನೇ ಇಲ್ಲಿಗೆ ಬಂದದ್ದು? ಹೊರಗೆ ತೆರೆಯದ ಬಾಯಿ ಇಲ್ಲಿ ಮುಚ್ಚುವುದಿಲ್ಲ ಅಂದರೆ ಯಾರನ್ನು ನಂಬುವುದು? ಯಂತ್ರವೇ ಅಲ್ಲಾಡುತ್ತಿರಬೇಕು.

ಆ ಕಡೆ ಗಾಜಿನ ಹಿಂದೆ ನರೇಶ್ ತಲೆ ಕೆರೆದುಕೊಂಡು, ಒಳಗಿನ ಕ್ಯಾಮೆರಾದ ಪರದೆಯನ್ನು ಸ್ನೇಹಳ ಕಡೆ ತಿರುಗಿಸಿದ. "ನೀವೇ ನೋಡಿ. ಸೌಂಡ್ ಶುರುವಾದ ತಕ್ಷಣ ಏನೋ ಜಪ ಮಾಡೋಕೆ ಹತ್ತುತ್ತಾರೆ. ಸೌಂಡ್ ನಿಲ್ಸಿದ್ರೆ ನಿಲ್ಲಿಸ್ತಾರೆ."

ಸ್ನೇಹ ಬಗ್ಗಿ ನೋಡಿದಳು. ಪಂಜರದೊಳಗೆ ಅಪ್ಪನ ಮೀಸೆ, ಅದರ ಕೆಳಗೆ ತುಟಿ ಅರೆಬರೆ ಆಡುತ್ತಿದೆ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದ ಹುಡುಗಿ, ಅವಳಿಗೆ ಓದಲು ಹೇಳಿಕೊಡಬೇಕಾಗಿರಲಿಲ್ಲ. "ನಾಗೂ, ಆ ಕಡೆ ಎಳೆ ನೋಡು. ಮೂರನೇದು. ನಾಗೂ, ಇಲ್ಲಿ ನೋಡೇ."

"ಜಪ ಅಲ್ಲ ಸರ್" ಎಂದಳು ಸ್ನೇಹ. "ನಮ್ಮಮ್ಮನ ಜೊತೆ ಮಾತಾಡ್ತಿದಾರೆ."

"ಅಮ್ಮ ಎಲ್ಲಿದಾರೆ?"

"ದೊಡ್ಡಬಳ್ಳಾಪುರದಲ್ಲಿ."

ನರೇಶ್ ಯಂತ್ರ ನಿಲ್ಲಿಸಿ, ಮುಂದಿನ ವಾರಕ್ಕೆ ಇನ್ನೊಂದು ದಿನ ಬರೆದುಕೊಟ್ಟ. ಬಸ್ಸಿನಲ್ಲಿ ಸ್ನೇಹ ವಿಷಯ ಬಿಡಿಸಿ ಹೇಳಿದಾಗ ಕೋದಂಡರಾಮಯ್ಯನವರು ಒಪ್ಪಲಿಲ್ಲ. ರಾಜಾನುಕುಂಟೆ ದಾಟಿದ ಮೇಲೆ ಅರ್ಧ ಒಪ್ಪಿದರು. ನಲವತ್ತು ವರ್ಷದಿಂದ ಆ ಸದ್ದಿನಲ್ಲಿ ಸುಮ್ಮನಿದ್ದು ಗೊತ್ತೇ ಇಲ್ಲದ ದವಡೆ ಅದು, ಒಡೆಯನನ್ನು ಕೇಳದೆ ತನ್ನ ಪಾಡಿಗೆ ತಾನು ಕೆಲಸಕ್ಕೆ ಹೋಗಿಬಿಟ್ಟಿತ್ತು.

"ಅಮ್ಮನ್ನೇ ಕರ್ಕೊಂಡ್ ಹೋಗೋಣ" ಎಂದಳು ಸ್ನೇಹ. "ಎದುರಿಗಿದ್ರೆ ಕರೆಯೋ ಕೆಲಸ ಇರಲ್ವಲ್ಲ."

ನರೇಶನನ್ನು ಫೋನಿನಲ್ಲಿ ಕೇಳಿದರು. ಮೈಮೇಲೆ ಲೋಹ ಇಲ್ಲದಿದ್ದರೆ ಒಬ್ಬರು ಒಳಗೆ ಕೂರಬಹುದು ಎಂದ. ಇಲ್ಲಿ ಇನ್ನೊಂದು ತೊಡಕು ಹುಟ್ಟಿತು. ಮೂಗುಬೊಟ್ಟು, ಬಳೆ, ಪಿನ್ನು ಸರಿ. ಮೂವತ್ತೆರಡು ವರ್ಷದ ಕಾಲುಂಗುರ ಸೋಪು ಹಚ್ಚಿದ ಮೇಲೆ ಬೆರಳಿನ ಚರ್ಮ ಸಮೇತ ಬಂತು. ತಾಳಿ? ನಾಗಲಕ್ಷ್ಮಮ್ಮ ಆ ಪ್ರಶ್ನೆಗೆ ಯಾರನ್ನೂ ಕೇಳಲಿಲ್ಲ. ಹೊರಡುವ ದಿನ ಬೆಳಗ್ಗೆ ಸ್ನಾನ ಮಾಡಿ, ಮಗ್ಗದ ನೂಲನ್ನೇ ಐದೆಳೆ ಮಾಡಿ ಅರಿಶಿನದಲ್ಲಿ ಅದ್ದಿ, ಅದಕ್ಕೊಂದು ಅರಿಶಿನದ ಕೊಂಬು ಕಟ್ಟಿ, ಗಂಡನ ಕೈಯಿಂದ ಕೊರಳಿಗೆ ಹಾಕಿಸಿಕೊಂಡರು. ಆಮೇಲೆ ಚಿನ್ನದ ಸರ ತೆಗೆದು ದೇವರ ಮುಂದೆ ಇಟ್ಟರು. ನರೇಶ್ ಅದನ್ನು ಸಂಶಯದಿಂದ ನೋಡಿ, ಕೊಂಬಿನೊಳಗೆ ಏನೂ ಇಲ್ಲವಷ್ಟೆ ಎಂದು ಎರಡು ಸಲ ಕೇಳಿದ. "ಸಾರಿಗೆ ಹಾಕೋ ಅರಿಶಿನ ಸರ್" ಎಂದಳು ಸ್ನೇಹ.

ಆಕೆಯ ಕಿವಿಗೂ ಬಿರಡೆ ಇಟ್ಟು ಗಂಡನ ಕಾಲಿನ ಬಳಿ ಕುರ್ಚಿ ಹಾಕಿದರು. ಈ ಸಲ ನರೇಶ್ ಪಂಜರದ ಮೇಲೆ ಒಂದು ಸಣ್ಣ ಕನ್ನಡಿ ಸಿಕ್ಕಿಸಿದ. ಮಲಗಿದಲ್ಲೇ ಕಣ್ಣು ಮೇಲೆತ್ತಿದರೆ ಕಾಲಿನ ಕಡೆಯದು ಕಾಣುತ್ತದೆ. ಕಂಡದ್ದು ನಾಗಲಕ್ಷ್ಮಮ್ಮನವರ ಮುಖ, ಕುತ್ತಿಗೆಯ ಹಳದಿ ದಾರ.

ಡಗ್ ಡಗ್ ಡಗ್. ಸದ್ದು ಎದ್ದಿತು. ಕೋದಂಡರಾಮಯ್ಯನವರ ದವಡೆ ಅಭ್ಯಾಸಬಲದಿಂದ ಹೊರಡಲು ಅಣಿಯಾಯಿತು. ಕೂಡಲೇ ಕಾಲಿನ ಹೆಬ್ಬೆರಳನ್ನು ಯಾರೋ ಬಲವಾಗಿ ಹಿಂಡಿದರು. ಕನ್ನಡಿಯಲ್ಲಿ ನಾಗಲಕ್ಷ್ಮಮ್ಮ ಬಾಯಿ ಅಗಲಿಸಿದರು. ಮಗ್ಗದ ಮಾತಿನಲ್ಲಿ, ಒಂದೊಂದೇ ಅಕ್ಷರ.

"ಬಾಯಿ ಮುಚ್ಕೊಂಡಿರಿ."

ಅವರು ಮುಚ್ಚಿಕೊಂಡರು.

ಆಕೆ ಹೆಬ್ಬೆರಳು ಬಿಡಲಿಲ್ಲ. ಗಾಜಿನ ಕಡೆ ಒಮ್ಮೆ ನೋಡಿ, ಮತ್ತೆ ಶುರು ಮಾಡಿದರು. "ಪಿಳ್ಳಪ್ಪನ ಮನೆ ಗೃಹಪ್ರವೇಶದ ದಿನ ನಿಮ್ಮ ಭಾಷಣಕ್ಕೆ ಪಾಯಸ ಗಟ್ಟಿಯಾಗಿ ಚಾಕು ಹಾಕಿ ಕುಯ್ದು ಬಡಿಸಿದ್ರು. ನಿಮಗೆ ಯಾರೂ ಹೇಳಿಲ್ಲ."

ಕೋದಂಡರಾಮಯ್ಯನವರು ಕಣ್ಣು ಮಿಟುಕಿಸಿದರು.

"ಸ್ನೇಹನ್ನ ನೋಡೋಕೆ ಬಂದೋರ ಮುಂದೆ ಈ ಸಲ ನಾನೇ ಮಾತಾಡ್ತೀನಿ. ನಾನು ಕಿವುಡಿ ಅಂತ ಗೊತ್ತಾದ್ರೂ ಚಿಂತೆಯಿಲ್ಲ."

ಟರ್ರ್ ಟರ್ರ್. ಸದ್ದು ಬದಲಾಯಿತು. ಹೆಬ್ಬೆರಳಿಗೆ ಒಂದು ಹಿಂಡು. ಆಮೇಲೆ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದ್ದನ್ನು ಅವರು ಮೊದಲಿಗೆ ನಂಬಲಿಲ್ಲ.

"ನಿಮ್ಮ ಬಾಯಿ ನಂಗೆ ಮೂರು ವರ್ಷದಿಂದ ಸರಿಯಾಗಿ ಕಾಣ್ತಿಲ್ಲ. ಎರಡು ಕಣ್ಣೂ ಮಂಜು. ಎಳೆನೂ ಬೆರಳಲ್ಲೇ ತಡಕಿ ಜೋಡಿಸ್ತಿದೀನಿ. ನಾನು ತಲೆ ಓರೆ ಮಾಡ್ದಾಗೆಲ್ಲ ನೀವು ಇನ್ನಷ್ಟು ಬಾಯಿ ಬಿಡ್ತಿದ್ರಿ. ಹಂಗಾದ್ರೂ ಅರ್ಧ ತಿಳೀತಿತ್ತು. ಉಳಿದ ಅರ್ಧಕ್ಕೆ ಹೂಂ ಅಂತಿದ್ದೆ."

ಯಂತ್ರ ಬಡಿಯುತ್ತಲೇ ಇತ್ತು.

"ಹೇಳಿದ್ರೆ ಮಗ್ಗದ ಮನೆಗೆ ಬರ್ಬೇಡ, ಒಳಗೆ ಕೂತ್ಕೋ ಅಂತಿದ್ರಿ. ಕಿವಿ ಇಲ್ಲದೋಳು ಒಳಗೆ ಒಬ್ಳೇ ಕೂತು ಏನ್ ಮಾಡ್ಲಿ? ಅಲ್ಲಿದ್ರೆ ನೀವು ಏನೋ ಒಂದು ಹೇಳ್ತಿರ್ತೀರಿ."

ಕೋದಂಡರಾಮಯ್ಯನವರ ಬಳಿ ಇದಕ್ಕೆ ಕನಿಷ್ಠ ನಲವತ್ತು ನಿಮಿಷದ ಉತ್ತರವಿತ್ತು. ಪಂಜರದೊಳಗೆ ಅದು ಗಂಟಲಿನವರೆಗೆ ಬಂದು ಹಿಂದಕ್ಕೆ ಹೋಯಿತು. ಮಾತಾಡಿದರೆ ಚಿತ್ರ ಕೆಡುತ್ತದೆ. ಚಿತ್ರ ಕೆಟ್ಟರೆ ಡಾಕ್ಟರು ಏನೂ ಹೇಳುವುದಿಲ್ಲ. ಅಷ್ಟಕ್ಕೂ ಹೇಳುವುದೇನು? ಬಾಯಿ ಕೆಟ್ಟದ್ದು ತನ್ನದು, ಮಂಜಾಗಿದ್ದು ಅವಳ ಕಣ್ಣು, ಚಿತ್ರ ತೆಗೆಸಿಕೊಳ್ಳುತ್ತಿರುವುದು ತನ್ನ ಕೀಲಿನದು. ಯಾವುದು ಯಾವುದಕ್ಕೆ ಕಾಯಿಲೆ ಎಂದೇ ತಿಳಿಯದೆ ಅವರು ಕನ್ನಡಿಯನ್ನು ನೋಡುತ್ತ ಮಲಗಿದರು. ಕಣ್ಣಿನ ಅಂಚಿನಿಂದ ನೀರು ಕಿವಿಯ ಬಿರಡೆಯ ಕಡೆ ಹರಿಯಿತು. ಅದರಿಂದ ಚಿತ್ರ ಕೆಡುವುದಿಲ್ಲವೆಂದು ಆಮೇಲೆ ನರೇಶನಿಂದ ಖಾತ್ರಿ ಮಾಡಿಕೊಂಡರು.

ನಡುವೆ ಒಮ್ಮೆ ನರೇಶ್ ಒಳಗೆ ಬಂದು ಹಲ್ಲುಗಳ ನಡುವೆ ಪ್ಲಾಸ್ಟಿಕ್ ಸಿರಿಂಜಿನ ಕೊಳವೆ ಸಿಕ್ಕಿಸಿದ. ಈಗ ತೆರೆದ ಬಾಯಿಯ ಚಿತ್ರ. ಮೈಕಿನ ಮುಂದೆ ಊರನ್ನೇ ನುಂಗುವಂತೆ ತೆರೆಯುತ್ತಿದ್ದ ಬಾಯಿ ಸಿರಿಂಜು ಕಚ್ಚಿಕೊಂಡು ಅಚ್ಚುಕಟ್ಟಾಗಿ ಮಲಗಿತ್ತು. ಮೂವತ್ತು ನಿಮಿಷ ಮುಗಿದು ಹೊರಗೆ ಬಂದಾಗ ನರೇಶ್ ಹೇಳಿದ: "ಬೊಂಬಾಟ್ ಚಿತ್ರ ಬಂದಿದೆ ಅಂಕಲ್. ಆಂಟಿ ಏನ್ ಮಂತ್ರ ಹಾಕಿದ್ರು?"

ಎರಡು ದಿನದ ಮೇಲೆ ಶಾಮಲಾ ಡಾಕ್ಟರು ಫಿಲಂಗಳನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿದರು. ಬೂದು ಬಣ್ಣದ ಮೋಡಗಳ ನಡುವೆ ಕಪ್ಪು ಹುಳದಂಥದ್ದೊಂದು ಕಂಡಿತು.

"ಇದೇ ಮೆತ್ತೆ. ಎಡಗಡೆಯದು ಪೂರ್ತಿ ಮುಂದಕ್ಕೆ ಜಾರಿದೆ. ಬಾಯಿ ತೆರೆದರೂ ವಾಪಸ್ ಬರ್ತಿಲ್ಲ."

"ಅದು ಬಲಗಡೆ ಇದೆಯಲ್ಲ ಮೇಡಂ" ಎಂದರು ಕೋದಂಡರಾಮಯ್ಯನವರು. ಮರುಕ್ಷಣವೇ ತಮ್ಮನ್ನು ತಾವೇ ತಿದ್ದಿಕೊಂಡರು. "ಓ, ಎದುರಿಂದ ನೋಡಿದ್ದು. ಗೊತ್ತಾಯ್ತು. ನಾವು ಸೀರೆ ನೇಯೋದೂ ಹಿಂಬದಿ ನೋಡ್ಕೊಂಡೇ." ಇಷ್ಟು ದಿನದಲ್ಲಿ ಅವರಿಗೆ ಏನಾದರೂ ತಾನಾಗಿ ತಿಳಿದದ್ದು ಅದೊಂದೇ, ಹಾಗಾಗಿ ಅದನ್ನು ಇನ್ನೊಮ್ಮೆ ಹೇಳಿದರು.

"ಬಲಗಡೆಯದೂ ಜಾರಿದೆ" ಎಂದರು ಡಾಕ್ಟರು. "ಆದರೆ ಬಾಯಿ ತೆರೆದಾಗ ಜಾಗಕ್ಕೆ ಬರುತ್ತೆ."

"ಬಲಗಡೆ ನಂಗೆ ನೋವೇ ಇಲ್ವಲ್ಲ?"

"ಎಷ್ಟೋ ಜನಕ್ಕೆ ನೋವಿಲ್ಲದೇನೂ ಹೀಗಿರುತ್ತೆ. ಚಿತ್ರಕ್ಕೆ ನಾನು ಔಷಧಿ ಕೊಡಲ್ಲ, ನಿಮಗೆ ಕೊಡ್ತೀನಿ. ಆಪರೇಷನ್ ಬೇಡ. ರಾತ್ರಿ ಹಲ್ಲಿಗೆ ಹಾಕ್ಕೊಳ್ಳೋ ಒಂದು ಕವಚ ಮಾಡಿಕೊಡ್ತೀನಿ. ದಿನಾ ವ್ಯಾಯಾಮ. ಮೆತ್ತಗಿನ ಊಟ. ನಿಧಾನವಾಗಿ ಎರಡೂವರೆ ಬೆರಳಿಗೆ ಬರಬಹುದು. ಒಂದು ಮಾತ್ರ, ಬಾಯಿ ಅಷ್ಟಗಲ ಬಿಡೋದು ನಿಲ್ಲಬೇಕು. ಅಷ್ಟು ಯಾಕೆ ಬಿಡ್ತಿದ್ರಿ ನೀವು?"

ಬಾಗಿಲ ಬಳಿ ಕೂತಿದ್ದ ನಾಗಲಕ್ಷ್ಮಮ್ಮನವರ ಕಡೆ ಅವರು ತಿರುಗಿ ನೋಡಿದರು. ಇಂಥ ಪ್ರಶ್ನೆಗೆಂದೇ ಹುಟ್ಟಿದ ಮನುಷ್ಯ. ನೇಕಾರಿಕೆಯ ಇತಿಹಾಸದಿಂದ ಶುರು ಮಾಡಬಹುದಿತ್ತು. ಎಲ್ಲಿಂದ ಹಿಡಿದರೆ ಸರಿಯೆಂದು ಯೋಚಿಸುತ್ತ ನಿಂತು, ಕೊನೆಗೆ ಅವರು ಕೇಳಿದ್ದು ಬೇರೆಯೇ.

"ಮೇಡಂ, ಇಲ್ಲಿ ಕಣ್ಣಿನ ಡಾಕ್ಟ್ರು ಯಾರು ಒಳ್ಳೆಯವರು?"

ಗಲಿಬಿಲಿಗೊಳ್ಳುವ ಸರದಿ ಈಗ ಶಾಮಲಾ ಅವರದಾಯಿತು. ಫಿಲಂ ನೋಡಿದರು, ಅವರನ್ನು ನೋಡಿದರು. "ಕಣ್ಣಿಗೇನಾಯ್ತು ನಿಮಗೆ?"

"ನಂಗಲ್ಲ."

ನಾಗಲಕ್ಷ್ಮಮ್ಮನವರ ಪೊರೆ ತೆಗೆದದ್ದು ಮೊದಲು ಬಲಗಣ್ಣಿನದು, ತಿಂಗಳ ಮೇಲೆ ಎಡಗಣ್ಣಿನದು. ಮಗ್ಗದ ಮನೆಗೆ ಬರಬೇಡವೆಂದು ಕೋದಂಡರಾಮಯ್ಯನವರು ಹೇಳಲಿಲ್ಲ. ಧೂಳು ಎಂದು ಕಣ್ಣಿನ ಡಾಕ್ಟರೇ ಹೇಳಿದರು. ಒಂದೊಂದು ಸಲವೂ ಮೂರು ವಾರ ನಾಗಲಕ್ಷ್ಮಮ್ಮ ಒಳಗೆ ಕೂತರು, ಇವರು ಎರಡು ಮಗ್ಗ ನಿಲ್ಲಿಸಿ ಗಳಿಗೆಗೊಮ್ಮೆ ಒಳಗೆ ಹೋಗಿ ಎದುರಿಗೆ ಕೂತು ಬಂದರು. ಹೇಳಲು ಬಾಯಿ ಇಲ್ಲ, ನೋಡಲು ಕಣ್ಣಿಲ್ಲ. ಇಬ್ಬರೂ ಬಾಳೆಹಣ್ಣು ತಿಂದರು. ಬೀದಿಯಲ್ಲಿ ಸ್ಕ್ಯಾನಿನಲ್ಲಿ ಏನು ಬಂತೆಂದು ಕೇಳಿದವರಿಗೆ ಅವರು ಎಡ, ಬಲ, ಮೆತ್ತೆ, ಕಣ್ಣು ಎಂದು ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಿದ್ದರು. ದವಡೆ ನೋವಿಗೆ ಹೆಂಡತಿಯ ಕಣ್ಣು ಆಪರೇಷನ್ ಮಾಡಿಸಿದ್ದಾರೆಂದು ಪಿಳ್ಳಪ್ಪ ಊರೆಲ್ಲ ಹೇಳಿಕೊಂಡು ಬಂದ. ತಪ್ಪೆಂದು ತಿದ್ದಲು ಹೋಗಿ, ಎಲ್ಲಿ ತಪ್ಪಿದೆಯೆಂದು ಸಿಗದೆ, ಇವರು ಮಗ್ಗದ ಕಡೆ ತಿರುಗಿದರು.

ಒಂದು ಮಂಗಳವಾರ ನಾಗಲಕ್ಷ್ಮಮ್ಮ ಕಪ್ಪು ಕನ್ನಡಕ ಹಾಕಿಕೊಂಡು ತಮ್ಮ ಬದಿಗೆ ಬಂದು ನಿಂತರು. ನಾಲ್ಕೂ ಮಗ್ಗ ಓಡುತ್ತಿದ್ದವು. ಈಗ ಕೋದಂಡರಾಮಯ್ಯನವರ ಬಾಯಿ ಎರಡು ಬೆರಳಿಗೆ ಬಂದಿದೆ, ಅಷ್ಟೂ ಬಿಡಬಾರದೆಂದು ಡಾಕ್ಟರ ಆಜ್ಞೆ. ಅವರು ತುಟಿಯನ್ನು ಮಾತ್ರ ಸಣ್ಣಗೆ ಆಡಿಸಿದರು.

"ಕಾಣ್ತಿದೆಯಾ?"

ಆಕೆ ಕನ್ನಡಕ ಹಣೆಗೇರಿಸಿದರು. ತಲೆ ಓರೆ ಮಾಡಲಿಲ್ಲ. ಗಂಡನ ಮುಖವನ್ನು ಮೇಲಿನಿಂದ ಕೆಳಗೆ ಒಂದು ಸಲ ಪೂರ್ತಿ ನೋಡಿದರು. "ಕಾಣ್ತಿದೆ. ಎಲೆಅಡಿಕೆ ಜಾಸ್ತಿ ಆಗಿದೆ ನಿಮಗೆ, ಹಲ್ಲು ಗೋಡೆಯ ಕೆಮ್ಮಣ್ಣಿನಂಗಾಗಿದೆ. ಇರ್ಲಿ, ಏನು ಹೇಳ್ಬೇಕಿತ್ತು? ಹೇಳಿ."

ಕೋದಂಡರಾಮಯ್ಯನವರು ಬಾಯಿ ಮುಚ್ಚಿ ನಿಂತರು. ಮೂರು ವರ್ಷದಿಂದ ಅರ್ಧಕ್ಕೇ ನಿಂತ ಮಾತು ಎಷ್ಟೋ ಇತ್ತು. ಅದರಲ್ಲಿ ಯಾವ ಅರ್ಧ ಅವಳಿಗೆ ತಲುಪಿತ್ತು, ಯಾವುದು ತಲುಪಿರಲಿಲ್ಲ ಎಂದು ನೆನಪು ಮಾಡಿಕೊಳ್ಳುತ್ತ ಅವರು ಮಗ್ಗದ ಮೇಲೆ ಕೈಯಿಟ್ಟರು. ಆಕೆ ಕಾಯುತ್ತಿದ್ದರು.